ವಾರಂಟಿಯೂ ದಾರಿಯ ಖರ್ಚೂ

ಆಟದ ಯಂತ್ರವೊಂದರ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಗರಿಷ್ಠ ಮಾರಾಟ ಬೆಲೆಗೆ ಊರು ಕೇರಿಗಳ ಭೇದವಿಲ್ಲ. ಎಲ್ಲ ತೆರಿಗೆಗಳನ್ನೂ ಒಳಗೊಂಡ ಬೆಲೆಯನ್ನು ಪೊಟ್ಟಣದ ಮೇಲೆಯೇ ಮುದ್ರಿಸತಕ್ಕದ್ದೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ವಿಧಿಸಿರುವುದರಿಂದ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ನಿಂತು ಅದನ್ನು ಕೊಳ್ಳುವವನ ಕಣ್ಣಿಗೂ, ಬಸವಕಲ್ಯಾಣದ ತನ್ನ ಮನೆಯಲ್ಲಿ ಕುಳಿತು ಫೋನಿನ ಮೂಲಕ ತರಿಸಿಕೊಳ್ಳುವವನ ಕಣ್ಣಿಗೂ ಬೀಳುವ ಅಂಕಿ ಒಂದೇ. ಪೆಟ್ಟಿಗೆಯೊಳಗೆ ಮಡಿಸಿಟ್ಟ ವಾರಂಟಿ ಚೀಟಿಯೂ ಇಬ್ಬರಿಗೂ ಒಂದೇ. ಆದರೆ ಯಂತ್ರ ಕೆಟ್ಟ ದಿನ ಈ ಸಮಾನತೆ ಮುಗಿಯಿತು. ಬೆಂಗಳೂರಿನವನು ಕೆಟ್ಟ ವಸ್ತುವನ್ನು ಚೀಲಕ್ಕೆ ಹಾಕಿಕೊಂಡು ಮೆಟ್ರೊ ಹತ್ತಿ ಸರ್ವಿಸ್ ಸೆಂಟರಿಗೆ ಕೊಟ್ಟು ಮಧ್ಯಾಹ್ನದೊಳಗೆ ಮನೆಗೆ ಮರಳುತ್ತಾನೆ. ಬಸವಕಲ್ಯಾಣದವನು ಕಂಪನಿಗೂ ತನಗೂ ನಡುವೆ ಇರುವ ದೂರದ ಭಾರವನ್ನೆಲ್ಲ ತಾನೇ ಹೊರುತ್ತಾನೆ. ಉಚಿತ ದುರಸ್ತಿಯೆಂದು ಎಲ್ಲರಿಗೂ ಸಮನಾಗಿ ಮಾರಿದ ವಾಗ್ದಾನವು ಊರು ದೂರವಾದಷ್ಟೂ ದುಬಾರಿಯಾಗುವ ಈ ಪದ್ಧತಿ ನ್ಯಾಯಸಮ್ಮತವಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದುಗಳು ದಾರಿಯಿಲ್ಲದ ಊರುಗಳೇನೂ ಅಲ್ಲ. ಪುಣೆ ಹೈದರಾಬಾದುಗಳ ನಡುವಣ ಹೆದ್ದಾರಿಯೂ ಬೀದರ ಕಲಬುರಗಿಗಳ ನಡುವಣ ಹೆದ್ದಾರಿಯೂ ಹುಮನಾಬಾದಿನಲ್ಲಿ ಸಂಧಿಸುತ್ತವೆ. 2017ರ ಅಕ್ಟೋಬರ್ 29ರಂದು ಬೀದರ ಕಲಬುರಗಿ ರೈಲುಮಾರ್ಗದ ಉದ್ಘಾಟನೆಯಾದ ಮೇಲೆ ಹುಮನಾಬಾದಿಗೆ ರೈಲೂ ಬಂದಿತು. ಬಸವಕಲ್ಯಾಣಕ್ಕೆ ರೈಲಿಲ್ಲದಿದ್ದರೂ ಹೆದ್ದಾರಿ ಹತ್ತಿರದಲ್ಲಿಯೇ ಇದೆ. ಹೊಸ ಸರಕನ್ನು ಹೊತ್ತ ಕೊರಿಯರ್ ವಾಹನಗಳು ದಿನವೂ ಇಲ್ಲಿಗೆ ಬರುತ್ತವೆ. ಹೀಗಿರುವಾಗ, ಮಾರುವ ಹೊತ್ತಿನಲ್ಲಿ ಓಣಿಯೊಳಗಿನ ಮನೆಯ ಬಾಗಿಲನ್ನು ಹುಡುಕಿಕೊಂಡು ಬಂದ ಅದೇ ವ್ಯವಸ್ಥೆಯು, ಕೆಟ್ಟ ವಸ್ತುವನ್ನು ಮರಳಿ ಒಯ್ಯಬೇಕಾದಾಗ ಮಾತ್ರ, 585327 ಎಂಬ ಬಸವಕಲ್ಯಾಣದ ಪಿನ್ ಸಂಖ್ಯೆಯನ್ನೋ 585330 ಎಂಬ ಹುಮನಾಬಾದಿನ ಪಿನ್ ಸಂಖ್ಯೆಯನ್ನೋ ತುಂಬಿದ ಕೂಡಲೇ, ನಿಮ್ಮ ಪ್ರದೇಶದಲ್ಲಿ ಪಿಕಪ್ ಸೌಲಭ್ಯವಿಲ್ಲವೆಂದು ತಿಳಿಸುವುದುಂಟು. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಪಿನ್ ಸಂಖ್ಯೆಯನ್ನು ಜಾರಿಗೆ ತಂದದ್ದು ಯಾವ ಮೂಲೆಯ ಊರಿನ ಕಾಗದವೂ ದಾರಿ ತಪ್ಪದಿರಲೆಂದು. ಊರನ್ನು ಪಟ್ಟಿಯಿಂದ ಹೊರಗಿಡುವುದಕ್ಕೆ ಅದೇ ಸಂಖ್ಯೆ ಈಗ ಸಾಧನವಾಗಿದೆ.

ಕೆಡುವುದೇನು, ಏಕೆ ಕೆಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ನೋಡುವುದು ಒಳ್ಳೆಯದು. ಗೇಮಿಂಗ್ ಕಂಟ್ರೋಲರಿನ ಮೇಲೆ ಹೆಬ್ಬೆರಳಿಗೆ ಸಿಗುವ ಎರಡು ಕಡ್ಡಿಗಳಿರುತ್ತವೆ. ಕಡ್ಡಿಯನ್ನು ಯಾವ ದಿಕ್ಕಿಗೆ ವಾಲಿಸುತ್ತೇವೆಯೋ ಪರದೆಯ ಮೇಲಿನ ಆಟಗಾರ ಆ ದಿಕ್ಕಿಗೆ ಚಲಿಸುತ್ತಾನೆ. ಕಡ್ಡಿಯ ಬುಡದಲ್ಲಿ ಇಂಗಾಲದ ಲೇಪವಿರುವ ಸಣ್ಣ ಪಟ್ಟಿಯೊಂದರ ಮೇಲೆ ಲೋಹದ ನಾಲಗೆಯೊಂದು ಸವರುತ್ತ ಹೋಗುತ್ತದೆ. ಅದು ನಿಂತ ಸ್ಥಾನಕ್ಕೆ ಅನುಗುಣವಾಗಿ ವಿದ್ಯುತ್ತಿನ ಪ್ರಮಾಣ ಬದಲಾಗುವುದನ್ನು ಅಳೆದು ಯಂತ್ರವು ದಿಕ್ಕನ್ನು ತಿಳಿಯುತ್ತದೆ. ಸವರಿ ಸವರಿ ಲೇಪ ಸವೆದಾಗ, ಅಥವಾ ಸವೆತದ ಪುಡಿಯೂ ಹೊರಗಿನ ಧೂಳೂ ನಡುವೆ ಸೇರಿಕೊಂಡಾಗ, ಯಾರೂ ಮುಟ್ಟದಿದ್ದರೂ ಕಡ್ಡಿ ವಾಲಿದೆಯೆಂದೇ ಯಂತ್ರ ಭ್ರಮಿಸುತ್ತದೆ. ಆಟಗಾರ ತಾನೇ ತಾನಾಗಿ ಗೋಡೆಯ ಕಡೆಗೆ ಸರಿಯತೊಡಗುತ್ತಾನೆ. ಹುಡುಗರು ಡ್ರಿಫ್ಟ್ ಎನ್ನುವುದು ಇದನ್ನೇ. ದುರಸ್ತಿಯ ವಿಷಯದಲ್ಲಿ ಹೆಸರಾದ ಅಮೆರಿಕದ ಐಫಿಕ್ಸಿಟ್ ಸಂಸ್ಥೆ 2021ರಲ್ಲಿ ಪ್ಲೇಸ್ಟೇಷನ್ 5ರ ಕಂಟ್ರೋಲರನ್ನು ಬಿಚ್ಚಿ ನೋಡಿ, ಅದರೊಳಗಿನ ಬಿಡಿಭಾಗಕ್ಕೆ ತಯಾರಕರು ಹೇಳಿರುವ ಆಯುಸ್ಸು 20 ಲಕ್ಷ ಚಲನೆಗಳೆಂದೂ, ಓಟ ಹೋರಾಟಗಳ ಬಿರುಸಿನ ಆಟವೊಂದರಲ್ಲಿ 417 ಗಂಟೆಗಳಲ್ಲಿಯೇ ಅದು ಮುಗಿಯಬಹುದೆಂದೂ ಲೆಕ್ಕ ಹಾಕಿತು. ದಿನಕ್ಕೆ ಎರಡು ಗಂಟೆ ಆಡುವ ವಿದ್ಯಾರ್ಥಿಗೆ ಇದು ಸುಮಾರು ಏಳು ತಿಂಗಳ ಮಾತು. ಅಂದರೆ ಒಂದು ವರ್ಷದ ವಾರಂಟಿಯ ಒಳಗಿನ ಮಾತು. ಬಳಸುವವನ ತಪ್ಪಿಲ್ಲದೆ, ಬಳಸಬೇಕಾದ ರೀತಿಯಲ್ಲಿಯೇ ಬಳಸಿದಾಗ ಸವೆಯುವ ಭಾಗವಿದು.

ಹುಮನಾಬಾದಿನಲ್ಲಿ ಮೊಬೈಲ್ ರಿಪೇರಿಯ ಸಣ್ಣ ಅಂಗಡಿಯಿಟ್ಟಿರುವ ತರುಣನೊಬ್ಬನ ಮುಂದೆ ಇಂಥದೊಂದು ಕಂಟ್ರೋಲರನ್ನು ಇಟ್ಟು ಕೇಳಿದೆ. ಅವನು ಕಡ್ಡಿಯನ್ನು ಒಮ್ಮೆ ತಿರುಗಿಸಿ, ಕಿವಿಯ ಹತ್ತಿರ ಹಿಡಿದು, ರೋಗವನ್ನು ಕ್ಷಣದಲ್ಲಿ ಗುರುತಿಸಿದ. "ಬಿಚ್ಚಿ ಹೊಸಾದು ಬೆಸಿಲಿಕ್ಕ ಅರ್ಧ ತಾಸು ಸಾಕು ಸರ. ಆದ್ರ ಈ ಸ್ಟಿಕ್ಕರ್ ಹರೀತದ ನೋಡ್ರಿ. ಅದು ಹರೀತಂದ್ರ ಕಂಪನಿಯವ್ರು ಕೈ ಎತ್ತತಾರ" ಎಂದು ವಸ್ತುವನ್ನು ಬಿಚ್ಚದೆಯೇ ಹಿಂದಿರುಗಿಸಿದ. ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಹರಳಯ್ಯ ಮೊದಲಾದ ಶರಣರು ಕೈಗೆಲಸವನ್ನೇ ಕಾಯಕವೆಂದು ಎತ್ತಿಹಿಡಿದ ಕಲ್ಯಾಣದ ಪಕ್ಕದಲ್ಲಿ, ಕೆಲಸ ಬಲ್ಲ ಕೈಯೊಂದು ಉಗುರಿನಗಲದ ಕಾಗದದ ಚೂರಿಗೆ ಅಂಜಿ ಹಿಂದೆ ಸರಿಯುವುದನ್ನು ಕಂಡು ನನ್ನ ಮನಸ್ಸಿಗೆ ಬಹಳ ಖೇದವಾಯಿತು.

ಆ ಕಾಗದದ ಚೂರಿಗೆ ಅಷ್ಟು ಅಧಿಕಾರ ಎಲ್ಲಿಂದ ಬಂದಿತು? ಅಮೆರಿಕದಲ್ಲಿ 1975ರ ಮ್ಯಾಗ್ನಸನ್ ಮಾಸ್ ಕಾಯಿದೆಯ ಪ್ರಕಾರ, ಬಿಡಿಭಾಗವನ್ನೋ ದುರಸ್ತಿಯನ್ನೋ ಉಚಿತವಾಗಿ ಒದಗಿಸದ ಹೊರತು, ಇಂಥ ಅಂಗಡಿಯಲ್ಲಿಯೇ ರಿಪೇರಿ ಮಾಡಿಸಬೇಕೆಂಬ ಷರತ್ತನ್ನು ವಾರಂಟಿಗೆ ಕಟ್ಟುವಂತಿಲ್ಲ. ಸ್ಟಿಕ್ಕರ್ ಹರಿದರೆ ವಾರಂಟಿ ರದ್ದೆಂಬ ಬೆದರಿಕೆಯ ವಿಷಯದಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2018ರ ಏಪ್ರಿಲ್ ತಿಂಗಳಿನಲ್ಲಿ ಆರು ಕಂಪನಿಗಳಿಗೂ, 2024ರ ಜುಲೈ ತಿಂಗಳಿನಲ್ಲಿ ಗ್ರಾಫಿಕ್ಸ್ ಕಾರ್ಡು ಮದರ್‌ಬೋರ್ಡುಗಳ ತಯಾರಕರಿಗೂ ಎಚ್ಚರಿಕೆಯ ಪತ್ರ ಬರೆಯಿತು. ನಮ್ಮಲ್ಲಿ ಅಷ್ಟು ಸ್ಪಷ್ಟವಾದ ಕಾಯಿದೆಯಿಲ್ಲ. ಆದರೂ ಕಾರುಗಳ ಬಿಡಿಭಾಗ, ದುರಸ್ತಿಗಳನ್ನು ತಮ್ಮ ಮುಷ್ಟಿಯಲ್ಲಿಯೇ ಇಟ್ಟುಕೊಂಡ 14 ಕಾರು ಕಂಪನಿಗಳಿಗೆ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ ತಿಂಗಳಿನಲ್ಲಿ 2,544 ಕೋಟಿ ರೂಪಾಯಿಗಳಿಗೂ ಮಿಕ್ಕ ದಂಡ ವಿಧಿಸಿತ್ತು; ದುರಸ್ತಿಯ ಹಕ್ಕನ್ನು ರೂಪಿಸಲೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈ ತಿಂಗಳಿನಲ್ಲಿ ಸಮಿತಿಯೊಂದನ್ನು ನೇಮಿಸಿ, ಅದೇ ವರ್ಷದ ಡಿಸೆಂಬರ್ 24ರಂದು ಜಾಲತಾಣವನ್ನೂ ತೆರೆಯಿತು. ತತ್ತ್ವ ಅಂಗೀಕೃತವಾಗಿದೆ; ಹುಮನಾಬಾದಿನ ಆ ತರುಣನ ಮೇಜಿನವರೆಗೆ ಅದು ಬಂದಿಲ್ಲ. ಬರುವವರೆಗೂ ಕೆಟ್ಟ ವಸ್ತು ಹೈದರಾಬಾದಿಗೋ ಬೆಂಗಳೂರಿಗೋ ಪ್ರಯಾಣ ಮಾಡಲೇಬೇಕು.

ಪ್ರಯಾಣದ ಸಿದ್ಧತೆಯಲ್ಲಿಯೇ ಖರ್ಚು ಮೊದಲಾಗುತ್ತದೆ. ಮೂಲ ಪೆಟ್ಟಿಗೆ ಇರಬೇಕು, ಅದರ ಮೇಲಿನ ಕ್ರಮಸಂಖ್ಯೆ ಅಳಿಸಿರಬಾರದು. ಎರಡು ಕೋಣೆಯ ಮನೆಯಲ್ಲಿ ವರ್ಷಪೂರ್ತಿ ಖಾಲಿ ಪೆಟ್ಟಿಗೆಗೆ ಜಾಗ ಮಾಡಿಕೊಡಬೇಕು. ಬಬಲ್ ಶೀಟು, ಥರ್ಮಾಕೋಲು, ಹೊರಗಿನ ಇನ್ನೊಂದು ರಟ್ಟಿನ ಡಬ್ಬಿ, ಟೇಪು, ಇವೆಲ್ಲವನ್ನೂ ಕೊಳ್ಳಬೇಕು. ವೈರಿಲ್ಲದ ಕಂಟ್ರೋಲರಿನೊಳಗೆ ಲಿಥಿಯಂ ಬ್ಯಾಟರಿ ಇರುವುದರಿಂದ ವಿಮಾನದಲ್ಲಿ ಒಯ್ಯುವ ಕೊರಿಯರಿನವರು ತಕರಾರು ತೆಗೆಯಬಹುದು. ಅನಂತರ ತೂಕದ ಪ್ರಶ್ನೆ. ಕೊಳ್ಳುವವರಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿಯೆಂದರೆ, ಕೊರಿಯರ್ ಸಂಸ್ಥೆಗಳಲ್ಲಿ ಬಹುಪಾಲು ಪೆಟ್ಟಿಗೆಯ ನಿಜವಾದ ತೂಕವನ್ನಷ್ಟೇ ಅಲ್ಲದೆ ಅದು ವಾಹನದಲ್ಲಿ ಆಕ್ರಮಿಸುವ ಸ್ಥಳವನ್ನೂ ತೂಕವಾಗಿ ಪರಿವರ್ತಿಸಿ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಹಣ ಕೇಳುತ್ತವೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರುಗಳಲ್ಲಿ ಗುಣಿಸಿ 5000ದಿಂದ ಭಾಗಿಸುವುದು ರೂಢಿಯ ಲೆಕ್ಕ. 70 ಸೆಂಟಿಮೀಟರ್ ಉದ್ದ, 50 ಎತ್ತರ, 18 ದಪ್ಪದ ಪೆಟ್ಟಿಗೆಯಲ್ಲಿರುವ ಗೇಮಿಂಗ್ ಮಾನಿಟರೊಂದು ತಕ್ಕಡಿಯಲ್ಲಿ 7 ಕಿಲೋ ತೂಗಿದರೂ, ಈ ಲೆಕ್ಕದಲ್ಲಿ 12.6 ಕಿಲೋ ಆಗುತ್ತದೆ. ರಶೀದಿಯಲ್ಲಿ 13 ಎಂದು ಬರೆಯುತ್ತಾರೆ. ಅದರ ಮೇಲೆ ಶೇಕಡ 18ರ ಸರಕು ಮತ್ತು ಸೇವಾ ತೆರಿಗೆ. ಪೆಟ್ಟು ತಾಗದಿರಲೆಂದು ಎಷ್ಟು ಹೆಚ್ಚು ಎಚ್ಚರದಿಂದ ಸುತ್ತುತ್ತೇವೆಯೋ ಅಷ್ಟೂ ಪೆಟ್ಟಿಗೆ ಉಬ್ಬುತ್ತದೆ, ಅಷ್ಟೂ ಬಾಡಿಗೆ ಏರುತ್ತದೆ.

ಆ ರಶೀದಿಯ ಹಿಂಬದಿಯನ್ನೂ ಓದತಕ್ಕದ್ದು. ವಸ್ತು ಕಳೆದುಹೋದರೆ ಅಥವಾ ಒಡೆದರೆ ತಮ್ಮ ಹೊಣೆ ಇಷ್ಟಕ್ಕೆ ಮಾತ್ರವೆಂದು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ, ಆ ಇಷ್ಟು ಬಹಳ ಕಡಿಮೆಯಾಗಿರುತ್ತದೆ. ಅದಕ್ಕೆ ಕಾನೂನಿನ ಬಲ ಇಲ್ಲವೆಂದು ತಿಳಿಯಬೇಡಿ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಣ ವ್ಯಾಜ್ಯದಲ್ಲಿ, ಕಳುಹಿಸಿದವನು ಷರತ್ತುಗಳಿರುವ ಚೀಟಿಗೆ ಸಹಿ ಹಾಕಿರುವುದರಿಂದ ಪರಿಹಾರವು ಅದರಲ್ಲಿ ಬರೆದಿರುವ 100 ಡಾಲರಿಗೆ ಸೀಮಿತವೆಂಬ ತೀರ್ಮಾನವನ್ನು ಸುಪ್ರೀಂ ಕೋರ್ಟು 1996ರಲ್ಲಿ ಎತ್ತಿಹಿಡಿದಿದೆ. ನಲವತ್ತು ಸಾವಿರದ ಗ್ರಾಫಿಕ್ಸ್ ಕಾರ್ಡನ್ನು ವಿಮೆಯಿಲ್ಲದೆ ಕಳುಹಿಸುವವನು, ಕಂಪನಿಯ ದೋಷದಿಂದ ಕೆಟ್ಟ ವಸ್ತುವಿನ ದಾರಿಯ ಅಪಾಯವನ್ನೂ ತನ್ನ ತಲೆಯ ಮೇಲೆ ಹಾಕಿಕೊಂಡಂತೆಯೇ. ವಿಮೆ ಮಾಡಿಸಿದರೆ ಅದಕ್ಕೆ ಬೇರೆ ಹಣ.

ಕೊರಿಯರನ್ನು ನಂಬದವರು ತಾವೇ ಹೊರಡುತ್ತಾರೆ. ಹುಮನಾಬಾದಿನಿಂದ ಹೈದರಾಬಾದಿಗೆ ಸುಮಾರು 150 ಕಿಲೋಮೀಟರ್. ಬಸವಕಲ್ಯಾಣದಿಂದ ಇನ್ನಷ್ಟು ಹೆಚ್ಚು. ಕಂಪ್ಯೂಟರ್ ಸಾಮಾನಿಗೆ ಹೆಸರಾದ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಬಿಡಿಭಾಗಗಳನ್ನು ಕೊಂಡು ತಂದವರಿಗೆ ಈ ದಾರಿ ಅಪರಿಚಿತವೇನಲ್ಲ. ಕೊಟ್ಟು ಬರಲು ಒಂದು ದಿನ, ತರಲು ಮತ್ತೊಂದು ದಿನ. ಬಸ್ಸಿನ ಟಿಕೇಟು, ನಗರದೊಳಗಿನ ಆಟೊ, ಹೊರಗಿನ ಊಟ, ಇವು ಲೆಕ್ಕಕ್ಕೆ ಸಿಗುತ್ತವೆ. ಹೋದ ದಿನದ ದುಡಿಮೆ ಮಾತ್ರ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಉದ್ಯೋಗ ಖಾತರಿ ಯೋಜನೆಯಲ್ಲಿ 2025-26ನೆಯ ಸಾಲಿಗೆ ಕರ್ನಾಟಕಕ್ಕೆ ಗೊತ್ತುಪಡಿಸಿದ ದಿನಗೂಲಿ 370 ರೂಪಾಯಿ; ತೀರ ಕೆಳಗಿನ ಈ ಅಳತೆಯಿಂದ ಅಳೆದರೂ ಎರಡು ದಿನಕ್ಕೆ 740 ರೂಪಾಯಿ ಆಗುತ್ತದೆ.

ಇನ್ನು ಕಾಲದ ನಷ್ಟ. ಕನ್ಸೋಲು ಸರ್ವಿಸ್ ಸೆಂಟರಿನ ಕಪಾಟಿನಲ್ಲಿ ಬಿಡಿಭಾಗಕ್ಕಾಗಿ ಕಾದಿರುವಾಗಲೂ ವಾರಂಟಿಯ ಅವಧಿ ನಿಲ್ಲದೆ ಕರಗುತ್ತಿರುತ್ತದೆ. ದುರಸ್ತಿಯಲ್ಲಿ ಕಳೆದ ದಿನಗಳನ್ನು ಅವಧಿಗೆ ಕೂಡಿಸಿಕೊಡುವ ಉದಾರತೆ ಸಾಮಾನ್ಯ ಷರತ್ತುಗಳಲ್ಲಿ ಅಪರೂಪ. ತಿಂಗಳಿಗಿಷ್ಟೆಂದು ಕಟ್ಟಿದ ಆಟದ ಚಂದಾ ಹಣವೂ ಬಳಕೆಯಿಲ್ಲದೆ ತೀರುತ್ತದೆ. ಕನ್ಸೋಲಿನ ನೆನಪಿನಲ್ಲಿ ಕೂಡಿಟ್ಟ ಆಟದ ಪ್ರಗತಿ ದುರಸ್ತಿಯ ಸಂದರ್ಭದಲ್ಲಿ ಅಳಿಸಿಹೋಗಬಹುದು. ಅದನ್ನು ದೂರದ ಸರ್ವರಿನಲ್ಲಿ ಕಾಪಾಡಿಕೊಳ್ಳಬೇಕಾದರೆ, ಪ್ಲೇಸ್ಟೇಷನ್ನಿನಲ್ಲಿ, ಹಣ ಕೊಟ್ಟು ಚಂದಾದಾರರಾಗಿರಬೇಕು. ಇವೆಲ್ಲಕ್ಕಿಂತ ಕ್ಲೇಶಕರವಾದುದು, ಒಮ್ಮೆ ಕಾಣಿಸಿಕೊಂಡು ಒಮ್ಮೆ ಮರೆಯಾಗುವ ದೋಷ. ಪರೀಕ್ಷಿಸುವವನ ಮೇಜಿನ ಮೇಲೆ ಡ್ರಿಫ್ಟ್ ಕಾಣದಿದ್ದರೆ ವಸ್ತು ಸರಿಯಾಗಿದೆಯೆಂಬ ಷರಾದೊಡನೆ ಹಿಂದಕ್ಕೆ ಬರುತ್ತದೆ, ಮನೆಯಲ್ಲಿ ಮರುದಿನ ಮತ್ತೆ ಸರಿಯತೊಡಗುತ್ತದೆ. ಹೋದ ಖರ್ಚೂ ಹೋಯಿತು, ಹೊಸ ಖರ್ಚಿಗೂ ದಾರಿಯಾಯಿತು. ಆದಕಾರಣ ದೋಷ ಕಂಡ ಗಳಿಗೆಯಲ್ಲಿಯೇ, ಕ್ರಮಸಂಖ್ಯೆ ಕಾಣುವಂತೆ, ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳುವುದು ವಿವೇಕ.

ಸಾಗಣೆಯ ಖರ್ಚು ಅಲ್ಪವಾದುದು, ಗೊಣಗಬಾರದು ಎನ್ನುವವರಿಗೆ ಎಕ್ಸ್‌ಬಾಕ್ಸ್ 360ರ ಇತಿಹಾಸವನ್ನು ನೆನಪಿಸಬೇಕಾಗಿದೆ. 2005ರಲ್ಲಿ ಮೈಕ್ರೋಸಾಫ್ಟ್ ಮಾರುಕಟ್ಟೆಗೆ ತಂದ ಈ ಕನ್ಸೋಲು ಕಾದು ಆರಿ, ಕಾದು ಆರಿ, ಒಳಗಿನ ಬೆಸುಗೆಗಳು ಬಿರಿದು, ಮುಖದ ಮೇಲೆ ಮೂರು ಕೆಂಪು ದೀಪ ತೋರಿಸಿ ಸ್ತಬ್ಧವಾಗುತ್ತಿತ್ತು. 2007ರ ಜುಲೈ ತಿಂಗಳಿನಲ್ಲಿ ಕಂಪನಿ ಈ ದೋಷಕ್ಕೆ ವಾರಂಟಿಯನ್ನು ಮೂರು ವರ್ಷಕ್ಕೆ ಹಿಗ್ಗಿಸಿ, ಅದಕ್ಕಾಗಿ 100 ಕೋಟಿ ಡಾಲರುಗಳಿಗೂ ಮೀರಿದ ಮೊತ್ತವನ್ನು ತೆಗೆದಿರಿಸಿತು. ಹೋಗಿಬರುವ ಸಾಗಣೆಯ ಖರ್ಚನ್ನೂ ತಾನೇ ವಹಿಸಿಕೊಂಡಿತು. ಆಗ ಆ ವಿಭಾಗದ ಹಿರಿಯ ಅಧಿಕಾರಿಯಾಗಿದ್ದ ಪೀಟರ್ ಮೂರ್ ವರ್ಷಗಳ ಅನಂತರ ನೆನಪಿಸಿಕೊಂಡಂತೆ, ಒಟ್ಟು 115 ಕೋಟಿ ಡಾಲರುಗಳಲ್ಲಿ 24 ಕೋಟಿ ಬರಿಯ ಕೊರಿಯರಿನ ಖರ್ಚು. ಐದನೆಯ ಒಂದು ಪಾಲಿಗೂ ಹೆಚ್ಚು! ಕಂಪನಿಯೇ ಕೊಟ್ಟಾಗ ಆ ಖರ್ಚು ಒಂದೇ ಪುಟದಲ್ಲಿ ಕೂಡಿ ಜಗತ್ತಿನ ಕಣ್ಣಿಗೆ ಬಿದ್ದಿತು. ಸಾವಿರಾರು ಊರುಗಳ ಗ್ರಾಹಕರು ಇನ್ನೂರು, ಮುನ್ನೂರು, ಸಾವಿರ ಎಂದು ಬೇರೆ ಬೇರೆಯಾಗಿ ತೆತ್ತಾಗ ಅದು ಯಾವ ಪುಟಕ್ಕೂ ಏರುವುದಿಲ್ಲ. ಮಾಯವಾಗುವುದಂತೂ ಇಲ್ಲ.

ಆದ್ದರಿಂದ ನಾನು ಕೇಳುವುದು ಬಹಳ ಸರಳವಾದುದು: ಕೆಟ್ಟ ವಸ್ತುವಿನ ಹೋಗಿಬರುವ ಸಾಗಣೆಯ ಖರ್ಚನ್ನು ವಾರಂಟಿಯ ಅವಧಿಯಲ್ಲಿ ಯಾರು ಕೊಡಬೇಕೆಂಬುದನ್ನು, ಬೆಲೆಯನ್ನು ಮುದ್ರಿಸುವಂತೆಯೇ, ಪೆಟ್ಟಿಗೆಯ ಹೊರಗೆ ಮುದ್ರಿಸಲಿ. ದೂರು ಕೊಡಬೇಕಾದವರ ಹೆಸರು, ವಿಳಾಸ, ದೂರವಾಣಿಗಳು ಪೊಟ್ಟಣದ ಮೇಲಿರಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ಈಗಾಗಲೇ ಹೇಳುತ್ತವೆ. ಇನ್ನೊಂದು ಸಾಲು ಸೇರಿಸುವುದು ಕಷ್ಟವಲ್ಲ. ತನ್ನದೇ ಸರಕನ್ನು ಅಂತರ್ಜಾಲದಲ್ಲಿ ಮಾರುವ ಸಂಸ್ಥೆಯು ಹಿಂದಿರುಗಿಸುವ ಸಾಗಣೆಯ ವೆಚ್ಚವನ್ನು ಗ್ರಾಹಕರಿಗೆ ಮೊದಲೇ ತಿಳಿಸತಕ್ಕದ್ದೆಂದು 2020ರ ಇ-ವಾಣಿಜ್ಯ ನಿಯಮಗಳಲ್ಲಿಯೂ ಇದೆ.

ಕಾಯಿದೆ ಬದಲಾಗುವವರೆಗೆ ಇರುವ ಕಾಯಿದೆಯನ್ನಾದರೂ ಬಳಸೋಣ. 1986ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಮೊಕದ್ದಮೆಯ ಸ್ಥಳವನ್ನು ಎದುರುಪಕ್ಷದ ವಾಸಸ್ಥಾನವೋ ವ್ಯಾಜ್ಯದ ಕಾರಣ ಹುಟ್ಟಿದ ಸ್ಥಳವೋ ನಿರ್ಧರಿಸುತ್ತಿತ್ತು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಕಾಯಿದೆಯು ಗ್ರಾಹಕನು ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲಿಯೂ ದೂರು ಕೊಡಬಹುದೆಂದು ಹೇಳಿತು. ದೂರದ ಅನ್ಯಾಯವನ್ನು ಗುರುತಿಸಿದ ಬದಲಾವಣೆಯಿದು; ಇದರ ಬೆಲೆ ನಮ್ಮಂಥ ಗಡಿಜಿಲ್ಲೆಯವರಿಗೆ ಚೆನ್ನಾಗಿ ತಿಳಿಯಬೇಕು. ಕಂಪನಿ ಗುರುಗ್ರಾಮದಲ್ಲಿದ್ದರೂ ಬಸವಕಲ್ಯಾಣದವನು ಬೀದರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 2025ರ ಜನವರಿಯಿಂದ ಇರುವ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಸಕಾರಣವಿದ್ದರೆ ವಿಡಿಯೊ ಮೂಲಕ ವಿಚಾರಣೆಯನ್ನೂ ಕೇಳಬಹುದು. ಕಾರಣ ಹುಟ್ಟಿದಂದಿನಿಂದ ಎರಡು ವರ್ಷದ ಗಡುವು. ದೂರು ಕೊಡುವ ಮುನ್ನ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡುವುದು ಉಚಿತವೂ ಹೌದು, ಹಲವು ವೇಳೆ ಸಾಕಾಗುವುದೂ ಹೌದು. ದೋಷವುಳ್ಳ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂದಕ್ಕೆ ಪಡೆದು ಹಣ ಮರಳಿಸಲು ಒಪ್ಪದಿರುವುದನ್ನು ಈ ಕಾಯಿದೆ ಅನುಚಿತ ವ್ಯಾಪಾರ ಪದ್ಧತಿಯೆಂದೇ ಕರೆಯುತ್ತದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ. ನೂರಿನ್ನೂರು ಉಳಿಯಿತೆಂದು ಬಿಲ್ಲಿಲ್ಲದೆ ಗ್ರಾಫಿಕ್ಸ್ ಕಾರ್ಡು ತರುವ ತರುಣರಿಗೆ ಈ ಮಾತನ್ನು ಕೈಮುಗಿದು ಹೇಳುತ್ತೇನೆ.

ಎರಡು ಕನ್ಸೋಲುಗಳನ್ನಿಟ್ಟು ಗಂಟೆಗಿಷ್ಟೆಂದು ಆಡಿಸುವ ಸಣ್ಣ ಪಾರ್ಲರಿನ ಯಜಮಾನನ ವಿಷಯ ಸ್ವಲ್ಪ ಜಟಿಲವಾದುದು. ವಾಣಿಜ್ಯದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕಷ್ಟೇ ಕೊಂಡು ತಾನೇ ಬಳಸುವವನು ಗ್ರಾಹಕನೇ ಎಂಬ ವಿವರಣೆ ಕಾಯಿದೆಯಲ್ಲಿದೆ, ಲಕ್ಷ್ಮಿ ಇಂಜಿನಿಯರಿಂಗ್ ವರ್ಕ್ಸ್ ಮೊಕದ್ದಮೆಯಲ್ಲಿ 1995ರಲ್ಲಿ ಸುಪ್ರೀಂ ಕೋರ್ಟು ಇದನ್ನು ವಿಸ್ತಾರವಾಗಿ ಚರ್ಚಿಸಿದೆ. ಬಸ್ ನಿಲ್ದಾಣದ ಬಳಿ ತಾನೇ ಕುಳಿತು ಅಂಗಡಿ ನಡೆಸುವ ನಿರುದ್ಯೋಗಿ ಪದವೀಧರನಿಗೆ ಬಾಗಿಲು ಮುಚ್ಚಿಲ್ಲ. ಸಾಗಣೆಯ ಖರ್ಚೆಲ್ಲ ಗ್ರಾಹಕನದೇ ಎಂಬ ಷರತ್ತನ್ನೇ ಅನ್ಯಾಯದ ಕರಾರೆಂದು ಪ್ರಶ್ನಿಸಬೇಕಾದರೆ ಮಾತ್ರ ಜಿಲ್ಲಾ ಆಯೋಗಕ್ಕೆ ಆ ಅಧಿಕಾರವಿಲ್ಲದೆ ರಾಜ್ಯ ಆಯೋಗಕ್ಕೆ ಹೋಗಬೇಕು.

ಒಂದು ತೊಡಕು ಆಯೋಗದ ಒಳಗೂ ಉಂಟು. ಪರೀಕ್ಷೆಯಿಲ್ಲದೆ ದೋಷ ನಿರ್ಧಾರವಾಗದಿದ್ದಲ್ಲಿ ವಸ್ತುವನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ, ಅದರ ಶುಲ್ಕವನ್ನು ದೂರುದಾರನೇ ಮುಂಗಡವಾಗಿ ಕಟ್ಟಬೇಕಾಗಬಹುದು. ಮತ್ತೊಂದು ದಾರಿಯ ಖರ್ಚು ಅಲ್ಲಿಂದ ಆರಂಭವಾಗುತ್ತದೆ. ಇದರಿಂದ ಪಾರಾಗುವ ಉಪಾಯ ಸರ್ವಿಸ್ ಸೆಂಟರಿನ ಕಿಟಕಿಯಲ್ಲಿಯೇ ಇದೆ. ವಸ್ತುವನ್ನು ಒಪ್ಪಿಸುವಾಗ ಕ್ರಮಸಂಖ್ಯೆ, ದೋಷದ ವಿವರ, ಹೊರಗೆ ಒಡಕು ಗೀರುಗಳಿಲ್ಲವೆಂಬ ಷರಾ, ದಿನಾಂಕ, ಇವಿಷ್ಟೂ ಇರುವ ಜಾಬ್ ಶೀಟನ್ನು ಸಹಿಯೊಡನೆ ಕೇಳಿ ಪಡೆಯಿರಿ. ಕಂಪನಿಯ ಪ್ರತಿನಿಧಿಯೇ ಬರೆದುಕೊಟ್ಟ ದೋಷಕ್ಕೆ ಪ್ರಯೋಗಾಲಯದ ಸಾಕ್ಷ್ಯ ಅಷ್ಟಾಗಿ ಬೇಕಾಗದು. ಕೊರಿಯರ್ ರಶೀದಿ, ಬಬಲ್ ಶೀಟಿನ ಬಿಲ್ಲು, ಹೈದರಾಬಾದಿಗೆ ಹೋಗಿಬಂದ ಬಸ್ಸಿನ ಟಿಕೇಟು, ರಜೆ ಹಾಕಿದ ದಿನದ ದಾಖಲೆ, ಎಲ್ಲವನ್ನೂ ಅದರೊಡನೆ ಜೋಡಿಸಿ, ದುರಸ್ತಿಯನ್ನೋ ಬದಲಿ ವಸ್ತುವನ್ನೋ ಕೇಳುವ ಅರ್ಜಿಯಲ್ಲಿಯೇ ಈ ಪ್ರತಿಯೊಂದು ಮೊತ್ತವನ್ನೂ ಹೆಸರಿಸಿ ಪರಿಹಾರವಾಗಿ ಕೇಳಿ. ಕೇಳದ ಹಣವನ್ನು ಆಯೋಗ ತಾನಾಗಿ ಊಹಿಸಿ ಕೊಡಿಸುವುದು ಅಪರೂಪ.